ಹಿತ್ತಲಿಗೆ ಬರುವ ಬೆಕ್ಕು: ನೋಯಿಸದೆ ದೂರವಿಡುವ ಬಗೆ

ಘಟಪ್ರಭೆಯ ನೀರುಣ್ಣುವ ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ಹಿತ್ತಲು ಎಂಬುದು ಮನೆಯ ಒಂದು ಅಂಗವೇ ಆಗಿದೆ. ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯ ನಿರ್ಮಾಣವಾದ ಮೇಲೆ ಕಾಲುವೆಯ ಕೆಳಗಿನ ಹೊಲಗಳಲ್ಲಿ ಕಬ್ಬು, ಅರಿಷಿಣ, ಗೋವಿನಜೋಳ ಹೆಚ್ಚಿದಂತೆ ಮನೆಯ ಹಿಂದಿನ ತುಂಡು ನೆಲದಲ್ಲಿಯೂ ಹಸಿರು ಹೆಚ್ಚಿತು. ಮೆಂತ್ಯ, ಕೊತ್ತಂಬರಿ, ಉಳ್ಳಾಗಡ್ಡಿ ತಪ್ಪಲ ಒಂದು ಮಡಿಯಲ್ಲಿ. ತುಳಸಿ, ದೊಡ್ಡಪತ್ರೆ, ಒಂದೆಲಗ ಇನ್ನೊಂದು ಮಡಿಯಲ್ಲಿ. ಇಷ್ಟಲಿಂಗ ಪೂಜೆಗೆ ಬೇಕಾದ ಹೂವು, ಪತ್ರೆ ಬೇಲಿಯ ಅಂಚಿನಲ್ಲಿ. ಔಷಧಿಯ ಅಂಗಡಿಗಿಂತ ಮೊದಲು ಹಿತ್ತಲಿಗೆ ಹೋಗಿರೆಂದು ನಾವು ನಮ್ಮಲ್ಲಿಗೆ ಬರುವ ರೋಗಿಗಳಿಗೆ ಹೇಳುತ್ತ ಬಂದಿದ್ದೇವೆ.

ಈಚೆಗೆ ಅದೇ ಹಿತ್ತಲಿನ ಬಗ್ಗೆ ಭಕ್ತರಿಂದ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತಿದೆ. ಬಿತ್ತಿದ ಮಡಿಯನ್ನು ನೆರೆಮನೆಯ ಬೆಕ್ಕುಗಳು ರಾತ್ರಿಯಲ್ಲಿ ಕೆದರಿ, ಮಲ ವಿಸರ್ಜಿಸಿ, ಮಣ್ಣು ಮುಚ್ಚಿ ಹೋಗುತ್ತವೆ. ಬೆಳಗ್ಗೆ ಪತ್ರೆ ಕೊಯ್ಯಲು ಹೋದವರ ಕೈಗೆ ಅದು ತಾಗುತ್ತದೆ. ಮನೆಯಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳಿದ್ದರೆ ಆತಂಕ ಇಮ್ಮಡಿಯಾಗುತ್ತದೆ. ಪರಿಹಾರವೆಂದು ಕೆಲವರು ಬೆಕ್ಕನ್ನು ಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಾರೆ. ಕೆಲವರು ಫಿನಾಯಿಲ್ ಸುರಿಯುತ್ತಾರೆ. ಹಾಲಿನಲ್ಲಿ ಇಲಿ ಪಾಷಾಣ ಬೆರೆಸಿಟ್ಟವರೂ ಇದ್ದಾರೆ. ಭಯ ನಿಜವಾದುದು, ಆದರೆ ಈ ಮೂರು ಉಪಾಯಗಳೂ ತಪ್ಪು. ಅವು ಕ್ರೂರವಷ್ಟೇ ಅಲ್ಲ, ನಿಷ್ಫಲವೂ ಹೌದು. ಬೆಕ್ಕನ್ನು ಶಿಕ್ಷಿಸುವುದಕ್ಕಿಂತ ಮಣ್ಣನ್ನು ಬದಲಿಸುವುದು ಸುಲಭ ಎಂಬುದೇ ಈ ಲೇಖನದಲ್ಲಿ ನಾವು ಹೇಳಬಯಸುವ ಮಾತು.

ಬೆಕ್ಕು ಏಕೆ ಬರುತ್ತದೆ?

ರೋಗದ ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ನಿದಾನಪರಿವರ್ಜನ, ಎಂದರೆ ಕಾರಣವನ್ನು ತೊರೆಯುವುದು. ಇಲ್ಲಿಯೂ ಅದೇ ಕ್ರಮ. ನಮ್ಮ ಪ್ರಾಚೀನ ಆಚಾರ್ಯರು ಬೆಕ್ಕಿನ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತಸಂಹಿತೆಯು ಮಾರ್ಜಾರವನ್ನು ಸಿಂಹ, ವ್ಯಾಘ್ರಗಳ ಸಾಲಿನಲ್ಲಿ ಗುಹಾಶಯ ವರ್ಗಕ್ಕೆ, ಅಂದರೆ ಮರೆಯಾದ ಸ್ಥಳದಲ್ಲಿ ಮಲಗುವ ಪ್ರಾಣಿಗಳ ವರ್ಗಕ್ಕೆ ಸೇರಿಸಿದೆ. ಚರಕಸಂಹಿತೆಯು ಅದನ್ನು ಆಹಾರವನ್ನು ಬಲದಿಂದ ಕಿತ್ತು ತಿನ್ನುವ ಪ್ರಸಹ ವರ್ಗದಲ್ಲಿಟ್ಟಿದೆ. ಮರೆ ಮತ್ತು ಬೇಟೆ, ಈ ಎರಡು ಬೆಕ್ಕನ್ನು ಸೆಳೆಯುತ್ತವೆ. ಮೂರನೆಯದು ಸಡಿಲ ಮಣ್ಣು.

ಬೆಕ್ಕು ತನ್ನ ಮಲವನ್ನು ಮುಚ್ಚಿಡುವ ಪ್ರಾಣಿ. ನಮ್ಮ ಎರೆಮಣ್ಣು ಒಣಗಿ ಗಟ್ಟಿಯಾಗಿ ಬಿರುಕು ಬಿಟ್ಟಾಗ ಅದರಲ್ಲಿ ಪಂಜದಿಂದ ಕೆದರಲು ಆಗುವುದಿಲ್ಲ. ನಾವು ಆ ಮಣ್ಣನ್ನು ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಬೀಜ ಹಾಕಿ ಮೆತ್ತಗೆ ಮಾಡಿದಾಗ ಅದು ಬೆಕ್ಕಿಗೆ ಹೇಳಿ ಮಾಡಿಸಿದ ಜಾಗವಾಗುತ್ತದೆ. ಒಮ್ಮೆ ಬಂದ ಬೆಕ್ಕು ತನ್ನ ವಾಸನೆಯ ಗುರುತು ಹಿಡಿದು ಮತ್ತೆ ಅಲ್ಲಿಗೇ ಬರುತ್ತದೆ. ಮುಸುರೆಯ ಬಕೆಟ್ಟು ತೆರೆದಿದ್ದರೆ, ಕಾಳಿನ ಚೀಲಗಳ ಕೋಣೆಯಲ್ಲಿ ಇಲಿಗಳಿದ್ದರೆ ಬೆಕ್ಕಿಗೆ ಅಲ್ಲಿಗೆ ಬರಲು ಇನ್ನೊಂದು ಕಾರಣ ದೊರೆತಂತಾಯಿತು.

ಆದ್ದರಿಂದಲೇ ಒಂದು ಬೆಕ್ಕನ್ನು ಹೊರಹಾಕಿದರೆ ಸಮಸ್ಯೆ ಮುಗಿಯುವುದಿಲ್ಲ. ಮೆತ್ತಗಿನ ಮಣ್ಣು, ಇಲಿ, ಮುಸುರೆ ಹಾಗೆಯೇ ಉಳಿದಿದ್ದರೆ ತೆರವಾದ ಜಾಗಕ್ಕೆ ಬೇರೊಂದು ಬೆಕ್ಕು ಬರುತ್ತದೆ. ಬಿಟ್ಟು ಬಂದ ಬೆಕ್ಕು ಎಷ್ಟೋ ವೇಳೆ ದಾರಿ ಹಿಡಿದು ಮರಳಿಯೂ ಬರುತ್ತದೆ. ಮರಳದಿದ್ದರೆ ಅದರ ಗತಿ ಮತ್ತೂ ಕಷ್ಟ: ಪರಿಚಯವಿಲ್ಲದ ಊರಿನಲ್ಲಿ ನಾಯಿಗಳ ಬಾಯಿಗೆ, ವಾಹನದ ಗಾಲಿಗೆ, ಇಲ್ಲವೆ ಹಸಿವಿಗೆ ಬಲಿಯಾಗುತ್ತದೆ. ಧೂಪದಾಳದ ಸುತ್ತ 1974 ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ದೂರದೇಶಗಳ ಹಕ್ಕಿಗಳು ಆ ಹಿನ್ನೀರಿಗೆ ಬಂದಿಳಿಯುತ್ತವೆ. ಊರಿನ ಬೆಕ್ಕನ್ನು ಅಂತಹ ದಂಡೆಯಲ್ಲಿ ಬಿಟ್ಟು ಬರುವುದೆಂದರೆ ಅದು ಹಸಿದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿಗಳ ಮೇಲೆ ಬೀಳುವಂತೆ ಮಾಡುವುದು. ಒಂದು ಜೀವಕ್ಕೆ ಮಾಡಿದ ಅನ್ಯಾಯ ಅನೇಕ ಜೀವಗಳಿಗೆ ಹಬ್ಬುತ್ತದೆ.

ಆರೋಗ್ಯದ ಭಯ ಎಷ್ಟು ನಿಜ?

ಬೆಕ್ಕಿನ ಮಲದಿಂದ ಮನುಷ್ಯನಿಗೆ ಬರಬಹುದಾದ ರೋಗಗಳಲ್ಲಿ ಮುಖ್ಯವಾದುದು ಟಾಕ್ಸೊಪ್ಲಾಸ್ಮೋಸಿಸ್. ಇದನ್ನು ಉಂಟುಮಾಡುವ ಸೂಕ್ಷ್ಮಜೀವಿಯು ಬೆಕ್ಕಿನ ಕರುಳಿನಲ್ಲಿ ಬೆಳೆದು ಮಲದ ಮೂಲಕ ಹೊರಬರುತ್ತದೆ. ಆರೋಗ್ಯವಂತರಲ್ಲಿ ಇದು ಬಹುಮಟ್ಟಿಗೆ ಲಕ್ಷಣವಿಲ್ಲದೆ, ಅಥವಾ ಸಣ್ಣ ಜ್ವರದಂತೆ ಕಳೆದುಹೋಗುತ್ತದೆ. ಗರ್ಭಿಣಿಗೆ ಗರ್ಭಕಾಲದಲ್ಲಿ ಮೊದಲ ಬಾರಿಗೆ ಈ ಸೋಂಕು ತಗುಲಿದರೆ ಮಾತ್ರ ಗರ್ಭಸ್ಥ ಶಿಶುವಿನ ಕಣ್ಣು, ಮೆದುಳಿಗೆ ಹಾನಿಯಾಗಬಹುದು, ಗರ್ಭಸ್ರಾವವೂ ಆಗಬಹುದು. ರೋಗನಿರೋಧಕ ಶಕ್ತಿ ಕುಂದಿದವರಿಗೂ ಅಪಾಯವಿದೆ.

ಆದರೆ ಇದರ ಇನ್ನೊಂದು ಮುಖವನ್ನು ಭಕ್ತರು ತಿಳಿಯಬೇಕು. ಬೆಕ್ಕು ಈ ಜೀವಿಯನ್ನು ಸಾಮಾನ್ಯವಾಗಿ ತನಗೆ ಮೊದಲ ಸಲ ಸೋಂಕು ತಗುಲಿದಾಗ, ಒಂದರಿಂದ ಮೂರು ವಾರಗಳವರೆಗೆ ಮಾತ್ರ ಹೊರಹಾಕುತ್ತದೆ. ಬೇಟೆ ಕಲಿಯುತ್ತಿರುವ ಎಳೆಯ ಬೆಕ್ಕುಗಳಲ್ಲಿ ಇದು ಹೆಚ್ಚು. ಹೊಸದಾಗಿ ಬಿದ್ದ ಮಲ ಕೂಡಲೇ ಸೋಂಕು ತರುವುದಿಲ್ಲ. ಅದಕ್ಕೆ ಒಂದರಿಂದ ಐದು ದಿನಗಳು ಬೇಕು. ಆ ಮೇಲೆ ಮಾತ್ರ ಅದು ತೇವವಿರುವ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೀರಿ ಉಳಿಯಬಲ್ಲದು. ಆದುದರಿಂದ ಪ್ರತಿದಿನ ಮಲವನ್ನು ತೆಗೆದುಹಾಕಿದರೆ ಅಪಾಯದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ, ಅದು ಮನೆಯಲ್ಲಿ ಓಡಾಡಿದ ಮಾತ್ರಕ್ಕೆ ಗರ್ಭಕ್ಕೆ ಕೇಡಾಗುತ್ತದೆಂಬುದು ಸರಿಯಲ್ಲ. ಸೋಂಕು ಬರುವುದು ಬಾಯಿಯ ಮೂಲಕ: ಮಣ್ಣು ಅಂಟಿದ ಕೈಯಿಂದ, ಸರಿಯಾಗಿ ತೊಳೆಯದ ಸೊಪ್ಪಿನಿಂದ, ಅಶುದ್ಧ ನೀರಿನಿಂದ.

ನಮ್ಮ ಭಾಗದ ಊಟದ ಕ್ರಮವನ್ನು ಇಲ್ಲಿ ನೆನೆಯಬೇಕು. ಜೋಳದ ರೊಟ್ಟಿಯೊಡನೆ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲಗಳನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ. ಇದು ಉತ್ತಮ ಪದ್ಧತಿ; ಇದನ್ನು ಬಿಡಬೇಕಾಗಿಲ್ಲ. ಆದರೆ ಉಪ್ಪುನೀರಿನಲ್ಲಿಯೋ ಅರಿಷಿಣದ ನೀರಿನಲ್ಲಿಯೋ ಅದ್ದಿದರೆ ಸೊಪ್ಪು ಶುದ್ಧವಾಯಿತೆಂಬ ನಂಬಿಕೆ ಸಾಲದು; ಈ ಜೀವಿಯ ಹೊರಕವಚ ಅಷ್ಟಕ್ಕೆ ಜಗ್ಗುವುದಿಲ್ಲ. ಬೇರು ಕತ್ತರಿಸಿ, ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ಮೂರು ಸಲ ತೊಳೆಯಬೇಕು. ಗರ್ಭಿಣಿಯರು ಆ ಒಂಬತ್ತು ತಿಂಗಳು ಹಿತ್ತಲಿನ ಸೊಪ್ಪನ್ನು ಬೇಯಿಸಿಯೇ ಉಣ್ಣುವುದು ಲೇಸು. ಬೆಂಕಿಯ ಮುಂದೆ ಈ ಜೀವಿ ನಿಲ್ಲುವುದಿಲ್ಲ. ನೆಲಕ್ಕೆ ಹತ್ತಿಕೊಂಡು ಹಬ್ಬುವ ಒಂದೆಲಗಕ್ಕೂ ಇದೇ ನಿಯಮ.

ಇದಲ್ಲದೆ ಬೆಕ್ಕಿನ ಮಲದಲ್ಲಿ ಜಂತುಹುಳುಗಳ ತತ್ತಿಗಳಿರಬಹುದು. ಮಣ್ಣಿನಲ್ಲಿ ಆಡುವ, ಮಣ್ಣು ತಿನ್ನುವ ಮಕ್ಕಳಿಗೆ ಅವುಗಳಿಂದ ತೊಂದರೆ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಹೊಕ್ಕು, ತುರಿಕೆಯುಳ್ಳ ಕೆಂಪು ಗೆರೆಯಂತೆ ಚರ್ಮದಡಿ ಹರಿದಾಡುವುದುಂಟು. ಹಿತ್ತಲಿನ ಕೆಲಸಕ್ಕೆ ಕೈಚೀಲ, ಕಾಲಿಗೆ ಚಪ್ಪಲಿ, ಕೆಲಸದ ನಂತರ ಸಾಬೂನು, ಇವಿಷ್ಟೇ ಇದಕ್ಕೆ ತಡೆ.

ಮಾಡಬಾರದ ಕೆಲಸಗಳು

ಫಿನಾಯಿಲ್, ಡೆಟಾಲ್ ಮೊದಲಾದ ಫೀನಾಲು ಜಾತಿಯ ದ್ರವಗಳನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿ ಶುಚಿ ಮಾಡಿಕೊಳ್ಳುವುದು ಅದರ ಸ್ವಭಾವ. ಆದ್ದರಿಂದ ನೆಲಕ್ಕೆ ಸುರಿದ ದ್ರವ ಅದರ ಹೊಟ್ಟೆ ಸೇರುತ್ತದೆ. ನೀಲಗಿರಿ ಎಣ್ಣೆ, ನಿಂಬೆಯ ಎಣ್ಣೆಗಳಂತಹ ಗಾಢವಾದ ತೈಲಗಳೂ ಹೀಗೆಯೇ. ನಾವು ಮನುಷ್ಯರಿಗೆ ಔಷಧವಾಗಿ ಬಳಸುವ ವಸ್ತು ಬೆಕ್ಕಿಗೆ ವಿಷವಾಗಬಲ್ಲದು. ನುಸಿಗುಳಿಗೆಗಳನ್ನು ಮಡಿಯಲ್ಲಿ ಹರಡುವ ರೂಢಿಯಿದೆ. ಅವು ಬೆಕ್ಕಿಗೂ ವಿಷ. ಮಕ್ಕಳು ಪೆಪ್ಪರಮಿಂಟೆಂದು ಬಾಯಿಗೆ ಹಾಕಿಕೊಂಡರೆ ರಕ್ತಕಣಗಳು ಒಡೆದು ಪ್ರಾಣಕ್ಕೆ ಸಂಚಕಾರ ಬರಬಹುದು. ಖಾರದ ಪುಡಿ ಚೆಲ್ಲಿದರೆ ಬೆಕ್ಕಿನ ಪಾದ, ಕಣ್ಣು ಉರಿಯುತ್ತವೆ; ಗಾಳಿ ಬಂದರೆ ನಮ್ಮವೂ ಉರಿಯುತ್ತವೆ.

ಪಾಷಾಣದ ಮಾತಂತೂ ಬೇಡವೇ ಬೇಡ. ಹಾಲಿನ ಬಟ್ಟಲಿನಲ್ಲಿಟ್ಟ ವಿಷಕ್ಕೆ ಬೆಕ್ಕು ಯಾವುದು, ಕರು ಯಾವುದು, ಮೊಮ್ಮಗ ಯಾರು ಎಂಬ ವಿವೇಕವಿಲ್ಲ. ಕಾನೂನಿನಲ್ಲಿಯೂ ಇದು ಅಪರಾಧ. 1960 ರ ಪ್ರಾಣಿಗಳ ವಿರುದ್ಧ ಕ್ರೌರ್ಯ ತಡೆ ಕಾಯ್ದೆ ಇದೆ. 2024 ರ ಜುಲೈ 1 ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325 ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ, ಊನಗೊಳಿಸುವ ಕೃತ್ಯಕ್ಕೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಶರಣಮಾರ್ಗದಲ್ಲಿ ನಡೆಯುವವರಿಗೆ ಕಲಮಿನ ಭಯಕ್ಕಿಂತ ಮೊದಲು ದಯೆಯ ನೆನಪು ಬರಬೇಕು. ಪೂಜೆಗೆ ಪತ್ರೆ ಕೊಯ್ಯುವ ಹಿತ್ತಲಿನಲ್ಲಿಯೇ ವಿಷವಿಟ್ಟು ಆ ಪತ್ರೆಯನ್ನು ಲಿಂಗಕ್ಕೇರಿಸುವುದೆಂತು?

ಜಾಲಿಯ ಮುಳ್ಳು ಹರಡುವುದೂ ಸರಿಯಲ್ಲ. ಅದು ಪಾದಕ್ಕೆ ಆಳವಾಗಿ ಹೊಕ್ಕು ಕೀವಾಗುತ್ತದೆ. ಸಡಿಲವಾದ ನೈಲಾನ್ ಬಲೆಯಲ್ಲಿ ಬೆಕ್ಕು, ಕೇರೆ ಹಾವು, ಹಕ್ಕಿಗಳು ಸಿಕ್ಕಿಕೊಂಡು ಸಾಯುತ್ತವೆ.

ಮಾಡಬೇಕಾದ ಕೆಲಸಗಳು

ಮೊದಲನೆಯದು, ಮಣ್ಣನ್ನು ಬರಿದಾಗಿ ಬಿಡಬಾರದು. ಬೆಕ್ಕಿಗೆ ಕೂರಲು, ಕೆದರಲು ಒಂದು ಗೇಣು ತೆರವು ಬೇಕು. ಬಿತ್ತಿದ ಕೂಡಲೆ ಮಡಿಯ ತುಂಬ ಹತ್ತಿಕಟ್ಟಿಗೆ ಅಥವಾ ತೊಗರಿಕಟ್ಟಿಗೆಯ ತುಂಡುಗಳನ್ನು ನಾಲ್ಕು ಬೆರಳಿನ ಅಂತರದಲ್ಲಿ ನೆಟ್ಟಗೆ ಊರಬೇಕು. ತುದಿ ಮೊಂಡಾಗಿರಲಿ. ಸಸಿಗಳು ಬೆಳೆದು ನೆಲ ಮುಚ್ಚಿಕೊಂಡ ಮೇಲೆ ಅವುಗಳನ್ನು ಕಿತ್ತು ಮುಂದಿನ ಮಡಿಗೆ ಬಳಸಬಹುದು. ಇದು ಖರ್ಚಿಲ್ಲದ, ನಮ್ಮ ಅನುಭವದಲ್ಲಿ ಅತ್ಯಂತ ಫಲಕಾರಿಯಾದ ಉಪಾಯ.

ಎರಡನೆಯದು ತಂತಿಯ ಜಾಳಿಗೆ. ಕೋಳಿಗೂಡಿಗೆ ಬಳಸುವ ಜಾಳಿಗೆಯನ್ನು ಮಡಿಯ ಮೇಲೆ ಬಿಗಿಯಾಗಿ ಹಾಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ಮೇಲೆ ತೆಳುವಾಗಿ ಮಣ್ಣು ಎರಚಬೇಕು. ಸಸಿಗಳು ಕಣ್ಣುಗಳ ಮೂಲಕ ಮೇಲೆ ಬರುತ್ತವೆ. ಬೆಕ್ಕಿನ ಪಂಜ ಮಾತ್ರ ಕೆದರಲಾರದು. ತುಳಸಿ, ದೊಡ್ಡಪತ್ರೆಯಂತಹ ಬಹುಕಾಲದ ಗಿಡಗಳ ಬುಡಕ್ಕೆ ಗರಸು ಅಥವಾ ಹೊಳೆಯ ದುಂಡುಗಲ್ಲು ಹಾಸಿದರೆ ಸಾಕು, ತೇವವೂ ಉಳಿಯುತ್ತದೆ.

ಮೂರನೆಯದು ಹೊದಿಕೆ. ನಮ್ಮಲ್ಲಿ ಹೇರಳವಾಗಿ ಸಿಗುವ ಕಬ್ಬಿನ ರವದಿಯನ್ನು ಮಡಿಗೆ ಹೊದಿಸುವುದು ಒಳ್ಳೆಯದು. ಆದರೆ ಅದನ್ನು ದಪ್ಪನಾಗಿ, ಸಡಿಲವಾಗಿ ಹಾಕಿದರೆ ಬೆಕ್ಕಿಗೆ ಹಾಸಿಗೆಯಾಗುತ್ತದೆ. ತೆಳುವಾಗಿ ಹರಡಿ, ನೀರು ಚಿಮುಕಿಸಿ ತುಳಿದು ಕೂರಿಸಬೇಕು. ನಡುನಡುವೆ ಗೋವಿನಜೋಳದ ದಂಟಿನ ತುಂಡುಗಳನ್ನಿಡಬೇಕು. ಹಿಂದಿನವರು ದನ ಹಾಯದಂತೆ ಜೋಳದ ಹೊಲದ ಅಂಚಿಗೆ ಕುಸುಬಿಯ ಸಾಲು ಹಾಕುತ್ತಿದ್ದರು. ಅದೇ ಕುಸುಬಿಯ ಒಣಗಿಡಗಳನ್ನು ಮಡಿಯ ಅಂಚಿಗೆ ಒರಗಿಸಿಟ್ಟರೆ ಚುಚ್ಚುವಷ್ಟೇ ಹೊರತು ಗಾಯ ಮಾಡದ ಬೇಲಿಯಾಗುತ್ತದೆ.

ನಾಲ್ಕನೆಯದು ನೀರು. ಬೆಕ್ಕಿಗೆ ಒಣಮಣ್ಣು ಪ್ರಿಯ, ಹಸಿಮಣ್ಣು ಅಪ್ರಿಯ. ಅದರ ಓಡಾಟ ಹೆಚ್ಚಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ. ಹೊತ್ತು ಮುಳುಗುವ ಮುನ್ನ ಮಡಿಗೆ ಹಿತಮಿತವಾಗಿ ನೀರು ಚಿಮುಕಿಸುವ ರೂಢಿ ಮಾಡಿಕೊಂಡರೆ ಅದು ಬೇರೆ ಕಡೆ ನೋಡಿಕೊಳ್ಳುತ್ತದೆ.

ಐದನೆಯದು, ಹಳೆಯ ಗುರುತನ್ನು ಅಳಿಸುವುದು. ಕಂಡ ಮಲವನ್ನು ಅದೇ ದಿನ, ಕೈಚೀಲ ಹಾಕಿಕೊಂಡು, ಸುತ್ತಲಿನ ಒಂದು ಹಿಡಿ ಮಣ್ಣಿನ ಸಮೇತ ತೆಗೆದು, ಬಾವಿ, ಮಡಿಗಳಿಂದ ದೂರ ಒಂದು ಮೊಳ ಆಳದ ಗುಂಡಿಯಲ್ಲಿ ಹೂಳಬೇಕು. ತರಕಾರಿಗೆ ಹಾಕುವ ತಿಪ್ಪೆಗೆ ಅದನ್ನು ಸೇರಿಸಬಾರದು. ಈ ಕೆಲಸ ಗರ್ಭಿಣಿಯರದಲ್ಲ. ಕಟ್ಟೆ, ಗೋಡೆಗಳ ಮೇಲಿನ ಮೂತ್ರದ ಕಲೆಯನ್ನು ಸಾಬೂನು, ಬಿಸಿನೀರು, ಅಡುಗೆ ಸೋಡಾದಿಂದ ತೊಳೆಯಬೇಕು. ಅಮೋನಿಯಾ ಬೆರೆತ ದ್ರವದಿಂದ ತೊಳೆದರೆ ಮೂತ್ರದ ವಾಸನೆಯೇ ಎಂದು ತಿಳಿದು ಬೆಕ್ಕು ಮರಳಿ ಬರುತ್ತದೆ.

ಗಿಡಗಳ ಸಹಾಯ

ವಾಸನೆಯ ಉಪಾಯಗಳನ್ನು ಅನೇಕರು ಕೇಳುತ್ತಾರೆ. ಕಿತ್ತಳೆ, ನಿಂಬೆಯ ಸಿಪ್ಪೆ ಒಂದೆರಡು ದಿನ ಕೆಲಸ ಮಾಡೀತು. ಒಣಗಿದ ಮೇಲೆ ಅದರಲ್ಲೇನೂ ಉಳಿಯದು. ನಾಗದಾಳಿಯ ಕಟುವಾಸನೆ ಬೆಕ್ಕಿಗೆ ಹಿಡಿಸದು. ಆದರೆ ಅದರ ರಸ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಗುಳ್ಳೆಯೇಳುವುದರಿಂದ ಮಕ್ಕಳ ಕೈಗೆಟುಕದಂತೆ ಬೆಳೆಸಬೇಕು. ವಾಸನೆ ಸಹಾಯಕವಷ್ಟೇ, ಆಧಾರವಲ್ಲ.

ಇದಕ್ಕಿಂತ ಉಪಯುಕ್ತವಾದುದು ಬೆಕ್ಕನ್ನು ಸೆಳೆಯುವ ಗಿಡದ ಅರಿವು. ನಮ್ಮ ಹಿತ್ತಲುಗಳಲ್ಲಿ ತಾನಾಗಿಯೇ ಹುಟ್ಟುವ ಕುಪ್ಪಿಗಿಡವನ್ನು ಚರ್ಮದ ತುರಿಕೆಗೆ ಮನೆಮದ್ದಾಗಿ ಎಲ್ಲರೂ ಬಲ್ಲರು. ಅದರ ಬೇರು ಮುರಿದಾಗ ಹೊರಡುವ ಗಂಧಕ್ಕೆ ಬೆಕ್ಕುಗಳು ಮರುಳಾಗುತ್ತವೆ. ಬೇರನ್ನು ಕಚ್ಚಿ, ಮುಖ ಉಜ್ಜಿ, ಅದರ ಮೇಲೆ ಹೊರಳಾಡುತ್ತವೆ. ತಮಿಳಿನಲ್ಲಿ ಇದಕ್ಕೆ ಬೆಕ್ಕು ಬಾಗಿ ವಂದಿಸುವ ಗಿಡವೆಂಬ ಅರ್ಥದ ಹೆಸರೇ ಇದೆ. ಮೆಂತ್ಯದ ಮಡಿಯಲ್ಲಿ ಕಳೆ ತೆಗೆಯುವಾಗ ಕುಪ್ಪಿಗಿಡವನ್ನು ಕಿತ್ತು ಅಲ್ಲಿಯೇ ಎಸೆದರೆ ಬೆಕ್ಕಿಗೆ ನಾವೇ ಕರೆ ಕಳುಹಿಸಿದಂತೆ. ಕಿತ್ತ ಗಿಡವನ್ನು ದೂರ ಒಯ್ಯಬೇಕು. ಹಿತ್ತಲಿನ ಮೂಲೆಯೊಂದರಲ್ಲಿ ಮಾತ್ರ ಕುಪ್ಪಿಗಿಡ ಬೆಳೆಯಲು ಬಿಡಬೇಕು.

ಆ ಮೂಲೆಯಲ್ಲಿಯೇ ಎರಡು ಮೊಳ ಉದ್ದಗಲದ ಗುಂಡಿಯಲ್ಲಿ ಒಣ ಉಸುಕು ತುಂಬಿ, ಮಳೆ ಬೀಳದಂತೆ ಮೇಲೊಂದು ತಗಡು ಹೊದಿಸಿದರೆ ಬೆಕ್ಕಿಗೆ ಅದರದೇ ಜಾಗ ಸಿಕ್ಕಿತು. ಅದನ್ನು ದಿನವೂ ಶುಚಿ ಮಾಡಬೇಕು. ಒಂದು ದ್ವಾರ ಮುಚ್ಚುವಾಗ ಇನ್ನೊಂದನ್ನು ತೆರೆದಿಡದಿದ್ದರೆ ಯಾವ ಪ್ರಾಣಿಯೂ ಮಾತು ಕೇಳದು.

ನೆರೆಯವರೊಡನೆ ಮಾತು

ಬೆಕ್ಕಿನ ಜಗಳ ಎಷ್ಟೋ ಓಣಿಗಳಲ್ಲಿ ಮನುಷ್ಯರ ಜಗಳವಾಗಿ ಬೆಳೆದಿದೆ. “ಅಕ್ಕಾರ, ನಿಮ್ಮ ಬೆಕ್ಕಿಗೆ ನಿಮ್ಮ ಹಿತ್ತಲದಾಗೂ ಒಂದು ಉಸುಕಿನ ಗುಂಡಿ ಮಾಡ್ರಿ, ಬೇಕಾದ್ರ ಉಸುಕು ನಾವ ಕೊಡ್ತೀವಿ” ಎಂದರೆ ಮುನಿಯುವವರು ಯಾರೂ ಇರಲಾರರು. ಇದರೊಡನೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತನ್ನೂ ಎತ್ತಬೇಕು. ಹೆಣ್ಣು ಬೆಕ್ಕು ಸುಮಾರು ಒಂಬತ್ತು ವಾರ ಗರ್ಭ ಧರಿಸುತ್ತದೆ. ವರ್ಷಕ್ಕೆ ಎರಡು ಮೂರು ಸಲ ಈಯಬಲ್ಲದು. ಅದರ ಮರಿಗಳು ಆರು ತಿಂಗಳೊಳಗೆ ತಾವೇ ತಾಯಾಗಬಲ್ಲವು. ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕು ಬಹುಮಟ್ಟಿಗೆ ಗೋಡೆಗೆ ಮೂತ್ರ ಸಿಂಪಡಿಸುವುದನ್ನೂ, ಅಲೆದಾಟವನ್ನೂ, ಕಾದಾಟವನ್ನೂ ಬಿಡುತ್ತದೆ. ಓಣಿಯವರು ಕೂಡಿ ಖರ್ಚು ಹಂಚಿಕೊಂಡು ಹತ್ತಿರದ ಪಶುವೈದ್ಯರನ್ನು ಕಂಡು ಈ ಕೆಲಸ ಮಾಡಿಸಿದರೆ ಎರಡು ವರ್ಷಗಳಲ್ಲಿ ಫಲ ಕಣ್ಣಿಗೆ ಕಾಣುತ್ತದೆ.

ಬಣವೆಯ ಸಂದಿನಲ್ಲಿ ಬೆಕ್ಕು ಈದಿದ್ದರೆ ಮರಿಗಳು ಎರಡು ತಿಂಗಳಾಗುವವರೆಗೆ ತಾಯಿಯಿಂದ ಅಗಲಿಸಬಾರದು. ಕಬ್ಬು ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುವ ಪದ್ಧತಿ ನೆಲಕ್ಕೂ ಒಳ್ಳೆಯದಲ್ಲ; ಹಚ್ಚಲೇಬೇಕೆನ್ನುವವರು ಒಮ್ಮೆ ಕೋಲಿನಿಂದ ತಡವಿ, ಒಳಗೆ ಮರಿಗಳಿಲ್ಲವೆಂದು ನೋಡಿಕೊಳ್ಳಲಿ.

ಕಚ್ಚಿದರೆ, ಪರಚಿದರೆ

ಬೆಕ್ಕನ್ನು ಬರಿಗೈಯಿಂದ ಹಿಡಿಯಲು ಹೋಗಿ ಕಚ್ಚಿಸಿಕೊಳ್ಳುವವರಿದ್ದಾರೆ. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ, ಬೆಕ್ಕಿನಿಂದಲೂ ಬರಬಹುದು. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಖಾರ, ಸುಣ್ಣ, ಅರಿಷಿಣ, ಸೊಪ್ಪಿನ ರಸ ಯಾವುದನ್ನೂ ಮೆತ್ತಬಾರದು. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28 ನೆಯ ದಿನ ಕೊಡುತ್ತಾರೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಆಯುರ್ವೇದದ ವೈದ್ಯರಾದ ನಾವೇ ಹೇಳುತ್ತಿದ್ದೇವೆ: ಈ ಲಸಿಕೆಗೆ ಬದಲಾದ ಯಾವ ಬೇರೂ, ಯಾವ ಭಸ್ಮವೂ ನಮ್ಮಲ್ಲಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂಬಷ್ಟು ವಿರಳ. ಆದ್ದರಿಂದ ತಡ ಮಾಡಬಾರದು.

ಕೊನೆಯದಾಗಿ, ಬೆಕ್ಕಿನಿಂದ ನಮಗಾಗುವ ಉಪಕಾರವನ್ನೂ ಮರೆಯಬಾರದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹದಿನೆಂಟು ಬಗೆಯ ಮೂಷಿಕಗಳನ್ನೂ ಅವುಗಳ ವಿಷಲಕ್ಷಣಗಳನ್ನೂ ಹೇಳಲಾಗಿದೆ. ಇಂದಿಗೂ ಕಬ್ಬಿನ ಗದ್ದೆಯ ನಿಂತ ನೀರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವಿದ್ದೇ ಇದೆ. ಓಣಿಯಲ್ಲಿ ಒಂದೆರಡು ಬೆಕ್ಕುಗಳಿದ್ದರೆ ಕಣಜದ ಬಳಿ ಇಲಿಗಳು ನಿರ್ಭಯವಾಗಿ ಸುಳಿಯಲಾರವು. ಬೆಕ್ಕು ಓಣಿಯಲ್ಲಿರಲಿ, ಮಡಿಯಲ್ಲಿ ಬೇಡ. ನಮಗೆ ಬೇಕಾದುದು ಇಷ್ಟೇ. ಈ ಹಂಗಾಮಿನ ಬಿತ್ತನೆಗೆ ಮೊದಲು ಒಂದು ಹೊರೆ ಹತ್ತಿಕಟ್ಟಿಗೆಯನ್ನೂ ಒಂದು ಬುಟ್ಟಿ ಉಸುಕನ್ನೂ ಸಿದ್ಧವಾಗಿಟ್ಟುಕೊಳ್ಳಿರಿ. ಸೊಪ್ಪನ್ನು ಮೂರು ಸಲ ತೊಳೆಯಿರಿ. ಮನೆಯ ಗರ್ಭಿಣಿಗೆ ಧೈರ್ಯ ಹೇಳಿರಿ.